ಕೊಂಡು ತಂದರೆ ಬಾರದ ನಾದ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ನೆಂಟರ ಮಕ್ಕಳಲ್ಲಿಯೂ ಬೇಸ್ ಗಿಟಾರ್ ನುಡಿಸುವವರು ಕೆಲವರಿದ್ದಾರೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು, ರಾತ್ರಿ ಮನೆಯ ಒಂದು ಕೋಣೆಯಲ್ಲಿ ಕುಳಿತು ನುಡಿಸಿ, ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಳ್ಳುವ ಹವ್ಯಾಸಿಗಳು ಇವರು. ಹವ್ಯಾಸ ಮೆಚ್ಚತಕ್ಕದ್ದೇ. ಆದರೆ ಅವರಿಂದ ನನಗೆ ಬರುವ ಪತ್ರಗಳಲ್ಲಿ ಹಾಡುಗಳು ಅಪರೂಪ, ಸಲಕರಣೆಗಳ ಚಿತ್ರಗಳು ಹೇರಳ. ಹೊಸ ಪೆಡಲ್, ಹೊಸ ಆಂಪ್ಲಿಫೈಯರ್, ಎರಡನೆಯ ಗಿಟಾರ್, ಅದಕ್ಕೆ ಬೇರೆ ಪಿಕಪ್. 'ಇದೊಂದು ಬಂದರೆ ಸಾಕು ಸರ್, ಆಮೇಲೆ ರೆಕಾರ್ಡಿಂಗ್ ಶುರುಮಾಡುತ್ತೇನೆ' ಎಂಬ ಒಕ್ಕಣೆ ಬೇರೆ.

ಉತ್ತಮ ನಾದವನ್ನು ಹಣ ಕೊಟ್ಟು ಕೊಳ್ಳಬಹುದೆಂಬ ಈ ನಂಬಿಕೆ ಸುಳ್ಳು. ಅದು ಹವ್ಯಾಸಿಯ ಹಣದ ಜೊತೆಗೆ ಅವನು ನುಡಿಸಬೇಕಾಗಿದ್ದ ಸಂಜೆಗಳನ್ನೂ ಕಬಳಿಸುತ್ತದೆ. ಅದಕ್ಕಾಗಿಯೇ ಈ ಲೇಖನ.

ಈ ವಾದ್ಯವನ್ನು ಅರಿಯದ ಬಂಧುಗಳಿಗಾಗಿ ಎರಡು ಮಾತು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಆಳೆತ್ತರದ ಡಬಲ್ ಬೇಸಿಗೆ ಬದಲಾಗಿ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ನಾಲ್ಕು ತಂತಿಗಳ ವಾದ್ಯವದು. ಮೆಟ್ಟಿಲುಗಳಂತಿರುವ ಫ್ರೆಟ್‌ಗಳಿಂದಾಗಿ ಸ್ವರ ನಿಖರವಾಗಿ ಬೀಳುತ್ತದೆ. ಹೆಸರಿನ ಅರ್ಥವೂ ಅದೇ. ಅತ್ಯಂತ ಕೆಳಗಿನ ತಂತಿಯ ಆವೃತ್ತಿ ಸುಮಾರು 41 ಹರ್ಟ್ಸ್, ಅದರ ಮೇಲಿನದು 55. ಲಯಕ್ಕೂ ರಾಗಕ್ಕೂ ಬೆಸುಗೆ ಹಾಕುವುದು ಇದರ ಕೆಲಸ. ಸ್ವರವನ್ನು ಎಲ್ಲಿ ಆರಂಭಿಸಬೇಕು ಎಂಬುದರಷ್ಟೇ ಎಲ್ಲಿ ನಿಲ್ಲಿಸಬೇಕು ಎಂಬುದೂ ಇಲ್ಲಿ ಮುಖ್ಯ.

ಈ ವಾದ್ಯದ ಇತಿಹಾಸದಲ್ಲಿ ಅಗ್ರಗಣ್ಯನೆಂದು ಹೆಸರಾದವನು ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್. ಅವನ ಸಲಕರಣೆಗಳ ಪಟ್ಟಿಯನ್ನು ಇಂದಿನ ಹವ್ಯಾಸಿ ಒಮ್ಮೆ ಓದಬೇಕು. 1962ರ ಒಂದು ಫೆಂಡರ್ ಪ್ರಿಸಿಷನ್. ಅದರ ಮೇಲೆ ದಪ್ಪನೆಯ, ನುಣುಪು ಮೈಯ ತಂತಿಗಳು. ಅವನ್ನು ಆತ ಬದಲಿಸುತ್ತಿದ್ದುದೇ ಅಪರೂಪ. ಬಲಗೈಯ ಒಂದೇ ಒಂದು ತೋರುಬೆರಳು. ಧ್ವನಿಮುದ್ರಣದ ವೇಳೆ ವಾದ್ಯದ ಸಂಕೇತ ಸಾಮಾನ್ಯವಾಗಿ ನೇರವಾಗಿ ಮಿಕ್ಸರಿಗೇ ಹೋಗುತ್ತಿತ್ತು. ಸ್ಟುಡಿಯೊ ಎಂದರೆ 1959ರಲ್ಲಿ ಕೊಂಡ ಒಂದು ವಾಸದ ಮನೆಯನ್ನೇ ಮಾರ್ಪಡಿಸಿ ಮಾಡಿಕೊಂಡದ್ದು. ಪಟ್ಟಿ ಅಲ್ಲಿಗೆ ಮುಗಿಯಿತು. ಆ ಒಂದು ಬೆರಳಿನಿಂದ ಹೊರಟ ಪಂಕ್ತಿಗಳನ್ನು ಇಂದಿಗೂ ಹತ್ತು ಬೆರಳುಗಳವರು ಬಿಡಿಸಿ ಬಿಡಿಸಿ ಕಲಿಯುತ್ತಿದ್ದಾರೆ. 1971ರಲ್ಲಿ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಹೆಸರು ಅಚ್ಚಾಗುವವರೆಗೆ, ಇವನು ಯಾರೆಂಬುದೇ ಹೊರಗಿನ ಕೇಳುಗರಿಗೆ ತಿಳಿದಿರಲಿಲ್ಲ. 1983ರಲ್ಲಿ ತೀರಿಕೊಂಡ.

'ಆತ ಪ್ರತಿಭಾವಂತ ಸರ್, ಜೊತೆಗೆ ನುರಿತ ತಂತ್ರಜ್ಞರಿದ್ದರು' ಎಂದು ಆಕ್ಷೇಪಿಸುವವರಿದ್ದಾರೆ. ಒಪ್ಪಿದೆ. ಆದರೆ ಈ ಆಕ್ಷೇಪ ಯಾರ ಪಕ್ಷವನ್ನು ಬಲಪಡಿಸುತ್ತದೆ ನೋಡಿ. ಪ್ರತಿಭೆ, ಸಹವಾದಕರು, ದಿನವೂ ಗಂಟೆಗಟ್ಟಲೆ ನುಡಿಸುವ ಕಾಯಕ, ನುರಿತ ಕಿವಿ: ಇವುಗಳಲ್ಲಿ ಯಾವುದಕ್ಕೂ ಬೆಲೆಚೀಟಿ ಅಂಟಿಸಲು ಬರುವುದಿಲ್ಲ. ಅಂಟಿಸಲು ಬರುವುದು ಗಿಟಾರಿಗೆ ಮಾತ್ರ. ಆದ್ದರಿಂದಲೇ ಅಂಗಡಿಯವನು ಗಿಟಾರಿನ ಗುಣಗಾನ ಮಾಡುತ್ತಾನೆ, ಕಾಯಕದ ಮಾತೆತ್ತುವುದಿಲ್ಲ.

ನಮ್ಮ ಕಿವಿಗೆ ಹತ್ತಿರದ ಉದಾಹರಣೆಯೂ ಇದೆ. ಇಳಯರಾಜ ಅವರು ಸಂಗೀತ ನೀಡಿದ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ನಿಮ್ಮಲ್ಲಿ ಬಹುಮಂದಿ ಗುನುಗುತ್ತ ಬೆಳೆದವರು. ಅಲ್ಲಿ ಬೇಸ್ ಗಿಟಾರ್ ಹಾಡಿನೊಡನೆ ಸಂವಾದ ನಡೆಸುತ್ತದೆ. ಆ ಗಿಟಾರ್ ಯಾವ ಕಂಪನಿಯದೆಂದು ನಿಮ್ಮಲ್ಲಿ ಯಾರಾದರೂ ಕೇಳಿದ್ದುಂಟೆ?

ಇನ್ನು ಮನೆಯ ಧ್ವನಿಮುದ್ರಣದ ವಿಚಾರ. ಟಿಯಾಕ್ ಸಂಸ್ಥೆ 1979ರಲ್ಲಿ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಮುದ್ರಿಸುವ 'ಪೋರ್ಟಾಸ್ಟುಡಿಯೊ' ಯಂತ್ರವನ್ನು ತಂದಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅದನ್ನು ಮನೆಯಲ್ಲಿಟ್ಟುಕೊಂಡು, ಮುಂದೆ ವಾದ್ಯವೃಂದದೊಡನೆ ಹಾಡಲೆಂದು ಕೆಲವು ಕರಡು ಹಾಡುಗಳನ್ನು ಮುದ್ರಿಸಿದರು. ವಾದ್ಯವೃಂದದ ಪ್ರಯತ್ನ ತೃಪ್ತಿ ಕೊಡದೆ, ಕೊನೆಗೆ ಆ ಕ್ಯಾಸೆಟ್ಟಿನ ಹಾಡುಗಳೇ 1982ರಲ್ಲಿ 'ನೆಬ್ರಾಸ್ಕ' ಎಂಬ ಹೆಸರಿನಲ್ಲಿ ಹೊರಬಂದವು. ಇಂದು ಉಚಿತವಾಗಿ ದೊರೆಯುವ 'ಅಡಾಸಿಟಿ'ಯಂತಹ ಸಾಫ್ಟ್‌ವೇರಿನಲ್ಲಿ ನಾಲ್ಕಲ್ಲ, ಹತ್ತಾರು ಟ್ರ್ಯಾಕ್‌ಗಳಿಗೆ ಎಡೆಯಿದೆ. ಸಲಕರಣೆಯ ಬಡತನವೆಂಬ ನೆಪ ಎಂದೋ ಸತ್ತುಹೋಗಿದೆ.

ಭೌತಶಾಸ್ತ್ರ ಕಲಿಸಿದವನಾದ್ದರಿಂದ ನನ್ನನ್ನು ಹೆಚ್ಚು ಕೆರಳಿಸುವುದು ಬೇರೊಂದು ವಿಚಾರ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯೊಂದನ್ನು ತೆಗೆದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವಿನ ಅಂತರದ ಎರಡರಷ್ಟು ತರಂಗಾಂತರವುಳ್ಳ ಧ್ವನಿ ಆ ಕೋಣೆಯಲ್ಲಿ ಸ್ಥಾಯಿ ತರಂಗವಾಗಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಅದು 56 ಹರ್ಟ್ಸ್. ಎಂದರೆ ಬೇಸಿನ 55 ಹರ್ಟ್ಸ್ ತಂತಿಯ ಪಕ್ಕದಲ್ಲೇ. ಉದ್ದವೂ ಅಗಲವೂ ಸಮವಾದ್ದರಿಂದ ಉಪದ್ರವ ಇಮ್ಮಡಿ. ಸ್ಪೀಕರಿನ ಎದುರು ಗೋಡೆಗೆ ಒರಗಿ ಕೇಳಿದರೆ ಆ ಸ್ವರ ಗುಡುಗುತ್ತದೆ. ಕೋಣೆಯ ನಟ್ಟನಡುವೆ ಕುಳಿತು ಕೇಳಿದರೆ ಸೊರಗುತ್ತದೆ. ಹವ್ಯಾಸಿ ನಡುವೆ ಕುಳಿತು, ಗಿಟಾರಿನಲ್ಲಿ ಕಸುವಿಲ್ಲವೆಂದು ತೀರ್ಮಾನಿಸಿ, ಹೊಸದಕ್ಕೆ ಹಣ ಕಟ್ಟುತ್ತಾನೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯುಂಟು. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿದ್ದರೂ ಇವನು ಗೆಜ್ಜೆಯನ್ನು ಬದಲಿಸುತ್ತಿದ್ದಾನೆ! ಗೋಡೆಗೆ ಅಂಟಿಸುವ ಎರಡು ಅಂಗುಲದ ಸ್ಪಂಜಿನಿಂದಲೂ ಪ್ರಯೋಜನವಿಲ್ಲ. ಆರು ಮೀಟರಿಗೂ ಉದ್ದವಾದ ಅಲೆಗೆ ಅದು ಲೆಕ್ಕಕ್ಕೇ ಇಲ್ಲ. ಕುರ್ಚಿಯನ್ನು ಮೂರಡಿ ಸರಿಸಿ ನೋಡಲು, ಹೆಡ್‌ಫೋನ್ ಹಾಕಿಕೊಂಡು ಪರೀಕ್ಷಿಸಲು ಹೆಚ್ಚು ಹಣ ಬೇಕಿಲ್ಲ.

ಸೆಕೆಂಡಿಗೆ 1,92,000 ಮಾದರಿಗಳ ಆಮಿಷವೂ ಇಂಥದೇ. ಸಿ.ಡಿ.ಯ ಪ್ರಮಾಣ 44,100. ಅದರ ಅರ್ಧದವರೆಗಿನ ಆವೃತ್ತಿಗಳನ್ನು ಲೋಪವಿಲ್ಲದೆ ಹಿಡಿದಿಡಬಹುದೆಂಬುದು ನೈಕ್ವಿಸ್ಟ್, ಶ್ಯಾನನ್ ಅವರ ಹೆಸರಿನ ಪ್ರಮೇಯ. ಮನುಷ್ಯನ ಕಿವಿ ಕೇಳಬಲ್ಲ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ಬೇಸಿನ ನಾದದ ಬಹುಪಾಲು ಅದಕ್ಕಿಂತ ಬಹಳ ಕೆಳಗೆ ಉಳಿಯುತ್ತದೆ. ನಾಲ್ಕು ಪಟ್ಟಿಗಿಂತ ದೊಡ್ಡದಾದ ಕಡತದಿಂದ ಡಿಸ್ಕ್ ತುಂಬುತ್ತದೆಯೇ ಹೊರತು ಸಂಗೀತ ಬೆಳೆಯುವುದಿಲ್ಲ.

ಹಾಗೆಂದು ಬರಿಗೈಯಲ್ಲಿ ನುಡಿಸಿರೆಂದು ನಾನು ಹೇಳುತ್ತಿಲ್ಲ. ಕತ್ತು ನೇರವಿದ್ದು, ಫ್ರೆಟ್‌ಗಳು ಸಮವಾಗಿದ್ದು, ಶ್ರುತಿ ನಿಲ್ಲುವ ಒಂದು ಗಿಟಾರ್ ಬೇಕು. ನುರಿತವರ ಕೈಯಲ್ಲಿ ಅದನ್ನು ಒಮ್ಮೆ ಸರಿಪಡಿಸಿಕೊಳ್ಳುವುದು ಹೊಸದನ್ನು ಕೊಳ್ಳುವುದಕ್ಕಿಂತ ಲಾಭದಾಯಕ. ವಾದ್ಯಕ್ಕೆಂದೇ ಪ್ರತ್ಯೇಕ ಪ್ರವೇಶವುಳ್ಳ ಒಂದು ಸಾಧಾರಣ ಆಡಿಯೊ ಇಂಟರ್‌ಫೇಸ್ ಬೇಕು. ಸಾಮಾನ್ಯ ಪಿಕಪ್ಪಿಗೆ ಸುಮಾರು ಹತ್ತು ಲಕ್ಷ ಓಮ್‌ನಷ್ಟು ಪ್ರತಿರೋಧದ ಪ್ರವೇಶ ದೊರೆಯದಿದ್ದರೆ ನಾದ ಮಂಕಾಗುತ್ತದೆ. ಒಂದು ಹೆಡ್‌ಫೋನ್, ಟ್ಯೂನರ್, ಮೆಟ್ರೊನೋಮ್ ಬೇಕು. ಮಿಕ್ಕದ್ದೆಲ್ಲ ಅಪೇಕ್ಷೆ. ಅಪೇಕ್ಷೆ ತಪ್ಪಲ್ಲ, ಅದನ್ನು ಅವಶ್ಯಕತೆಯೆಂದು ಕರೆದುಕೊಳ್ಳುವುದು ತಪ್ಪು.

ಶಾಲೆಯಲ್ಲಿ ಈ ನಂಟನ್ನು ನಾನು ಬಹಳ ಕಾಲ ನೋಡಿದ್ದೇನೆ. ಪರೀಕ್ಷೆಯ ಮುನ್ನ ಹೊಸ ಜಾಮಿಟ್ರಿ ಪೆಟ್ಟಿಗೆ ಕೊಂಡ ಹುಡುಗನಿಗೆ ರೇಖಾಗಣಿತವೇ ಬಂದಷ್ಟು ಸಮಾಧಾನ. ಕೊಂಡ ಸಂತೋಷವು ಕಲಿತ ಸಂತೋಷದ ವೇಷ ಹಾಕಿಕೊಂಡು ಬರುತ್ತದೆ. ಆದರೆ ಅದು ನಾಲ್ಕು ದಿನದ್ದು. ಅದು ಇಳಿದ ಮೇಲೆ 'ನನಗೆ ಸಂಗೀತ ಒಲಿಯಲಿಲ್ಲ' ಎಂಬ ಕೊರಗು ಉಳಿಯುತ್ತದೆ. ವಾದ್ಯ ಮಂಚದ ಕೆಳಗೆ ಸೇರುತ್ತದೆ. ಒಲಿಸಿಕೊಳ್ಳಲು ಕುಳಿತದ್ದೆಷ್ಟು ಗಂಟೆ ಎಂದು ಯಾರೂ ಲೆಕ್ಕವಿಡುವುದಿಲ್ಲ. ಕಂತುಗಳ ಲೆಕ್ಕವನ್ನಂತೂ ಬ್ಯಾಂಕಿನವರೇ ಇಟ್ಟಿರುತ್ತಾರೆ.

ಆದ್ದರಿಂದ ಮಿತ್ರರೇ, ಮೇಷ್ಟರ ಹಳೆಯ ಚಾಳಿಯಂತೆ ಒಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಸಲಕರಣೆಗೆ ಹಣ ಕಟ್ಟುವ ಮೊದಲು, ಈಗ ಕೈಯಲ್ಲಿರುವ ಗಿಟಾರಿನಿಂದಲೇ ಮೂರು ಹಾಡುಗಳನ್ನು ಆದಿಯಿಂದ ಅಂತ್ಯದವರೆಗೆ ಮುದ್ರಿಸಿ, ದಿನಾಂಕ ಬರೆದು, ಒಬ್ಬರಿಗಾದರೂ ಕೇಳಿಸಿರಿ. ತಾಳ ಎಲ್ಲಿ ಓಡಿತು, ಯಾವ ಸ್ವರ ನಿಲ್ಲಬೇಕಾದಲ್ಲಿ ನಿಲ್ಲದೆ ಎಳೆಯಿತು ಎಂಬುದನ್ನು ಗುರುತು ಹಾಕಿಕೊಳ್ಳಿರಿ. ಆ ಪಟ್ಟಿಯಲ್ಲಿ ಯಾವ ದೋಷವನ್ನು ಹೊಸ ಪೆಡಲ್ ತಿದ್ದಬಲ್ಲುದೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಇನ್ನು ಮುಂದೆ ಪೆಟ್ಟಿಗೆಗಳ ಚಿತ್ರ ನನಗೆ ಬೇಡ. ತಪ್ಪಿದ್ದರೂ ಸರಿ, ಹಾಡು ಕಳಿಸಿ.