ನಾಯಿಗೆ ಮೂತ್ರಪಿಂಡದ ಕಾಯಿಲೆ: ನೀರಿನ ಬೋಗುಣಿ ಎತ್ತಿಡಬೇಡಿ

'ಸಾಹೇಬ್ರ, ನಮ್ಮ ನಾಯಿ ಎರಡು ದಿನದಿಂದ ಏನೂ ತಿನವಲ್ದು. ಒಂದು ಗುಳಿಗಿ ಬರದು ಕೊಡ್ರಿ.' ಝಳಕಿ ಸುತ್ತಲಿನ ತೋಟದ ಮನೆಗಳವರು ತಮ್ಮ ಜ್ವರ, ಕೆಮ್ಮು ಹೇಳಿ ಮುಗಿಸಿ ಏಳುವಾಗ ಇಂಥ ಮಾತು ಸೇರಿಸುವುದುಂಟು. ನಾನು ಮನುಷ್ಯರ ವೈದ್ಯ, ನಾಯಿಗೆ ಔಷಧಿ ಬರೆಯುವುದಿಲ್ಲ. ಆದರೆ ಸುಮ್ಮನೆ ಕಳಿಸಿದರೆ ಅಜ್ಜನ ಮೊಣಕಾಲು ನೋವಿಗೆ ತಂದ ಗುಳಿಗೆ ನಾಯಿಯ ಹೊಟ್ಟೆ ಸೇರುತ್ತದೆ. ಆದ್ದರಿಂದ ಈ ವಾರ ಈ ವಿಷಯ.

ವಯಸ್ಸಾದ ನಾಯಿಗಳಿಗೆ ಮೂತ್ರಪಿಂಡದ ಕಾಯಿಲೆ ಬರುವುದು ಅಪರೂಪವಲ್ಲ. ಕೆಟ್ಟ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ತೆಳುವಾದ ಮೂತ್ರ ಹೆಚ್ಚು ಹೋಗುತ್ತದೆ, ಆ ಕೊರತೆ ತುಂಬಲು ನಾಯಿ ಹೆಚ್ಚು ಕುಡಿಯುತ್ತದೆ. 'ಮೂತ್ರ ಚೆನ್ನಾಗಿಯೇ ಹೋಗುತ್ತಿದೆ, ಕಿಡ್ನಿಗೇನಾಗಿದೆ?' ಎನ್ನುವವರು ಕೆಲವರು. ಪಡಸಾಲೆ ಹೊಲಸಾಯಿತೆಂದು ರಾತ್ರಿ ನೀರಿನ ಬೋಗುಣಿ ಎತ್ತಿಡುವವರು ಇನ್ನು ಕೆಲವರು. ಡಯಾಲಿಸಿಸ್ ಮಾಡಿಸಿಕೊಳ್ಳುವ ಬಂಧುವಿಗೆ 'ನೀರು ಅಳೆದು ಕುಡಿಯಿರಿ' ಎಂದದ್ದನ್ನು ಕೇಳಿ, ಅದೇ ಪಥ್ಯವನ್ನು ನಾಯಿಗೂ ಹಚ್ಚುತ್ತಾರೆ. ಇದು ಅಪಾಯ. ನೀರು ಸಿಗದಿದ್ದರೆ ಮೂತ್ರಪಿಂಡದಲ್ಲಿ ಉಳಿದಿರುವ ಶಕ್ತಿಯೂ ಕುಂದುತ್ತದೆ. ಹಗಲು ರಾತ್ರಿ ಶುದ್ಧ ನೀರು ಮುಂದಿರಲಿ. ಮೂತ್ರವೇ ನಿಂತರೆ ಮಾತ್ರ ಅದು ಬೇರೆ ಸ್ಥಿತಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

15 ಕಿಲೋ ತೂಕದ ನಾಯಿ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಕೆಲಸ ನಿಂತಿರುತ್ತದೆ. ತಂಬಿಗೆಯಿಂದ ನೀರು ಅಳೆದು ಹಾಕುವ ಮನೆಯವರಿಗೆ ಅದಕ್ಕಿಂತ ಮೊದಲೇ ಸುಳಿವು ಸಿಗುತ್ತದೆ. ತೂಕ ಇಳಿಯುವುದು, ವಾಂತಿ, ಬಾಯಿಯ ದುರ್ವಾಸನೆ ಆಮೇಲಿನವು.

ಊಟದಲ್ಲಿ ರಂಜಕದ ಅಂಶ ಕಡಿಮೆ ಇರಬೇಕು. ಹಾಲು, ಎಲುಬು, ಯಕೃತ್ತು ಬೇಡ. ಉಪ್ಪಿಲ್ಲದ ಮೆತ್ತನೆಯ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿಭಾಗ ನಡೆಯುತ್ತವೆ. ಆದರೆ ಬರೀ ಅನ್ನದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಮೈಯ ಮಾಂಸ ಕರಗುತ್ತದೆ, ಅಳತೆಯನ್ನು ಪಶುವೈದ್ಯರಿಂದ ಕೇಳಿಕೊಳ್ಳಿ. ಚರ್ಮದ ಕೆಳಗೆ ಸಲೈನ್ ಕೊಡುವುದನ್ನೂ ಅವರು ಮನೆಯವರಿಗೆ ಕಲಿಸಬಲ್ಲರು. ಕಲಿತವರಿಗೆ ಅದೇನೂ ಕಷ್ಟವಲ್ಲ.

ನಮ್ಮ ಭಾಗಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲವು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಪಶುವೈದ್ಯರು ಸೂಚಿಸಿದರು. ಎಲ್ಲ ನಾಯಿಗಳಿಗೂ ಆಗುವುದಿಲ್ಲ, ಆದರೆ ಇಷ್ಟು ತಿಂದರೆ ಏನೂ ಆಗದು ಎಂಬ ಅಳತೆಯೂ ಇಲ್ಲ. ತಿಂದ ನಾಯಿ ಮೊದಲ ದಿನ ವಾಂತಿ ಮಾಡುತ್ತದೆ, ಎರಡು ಮೂರು ದಿನದಲ್ಲಿ ಮೂತ್ರಪಿಂಡ ಸೋಲಬಹುದು. ಒಣದ್ರಾಕ್ಷಿ ಶೆಡ್ಡಿನ ಕಾವಲಿಗೆ ನಾಯಿ ಕಟ್ಟುವವರು ಉದುರಿದ್ದನ್ನು ಅಲ್ಲೇ ಬಿಡಬಾರದು. ಮುಧೋಳ ನಾಯಿಯಾಗಲಿ, ಬೀದಿಯಿಂದ ಬಂದು ಸೇರಿದ್ದಾಗಲಿ, ಮಾತು ಒಂದೇ.

ಇನ್ನು ಅಜ್ಜನ ಗುಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮಗುವಿಗೆ ಅರ್ಧ, ನಾಯಿಗೂ ಅರ್ಧ ಎಂಬ ಲೆಕ್ಕ ನಡೆಯದು. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟೇ ಸತ್ತವು. ಅದಕ್ಕಾಗಿಯೇ 2006ರಲ್ಲಿ ಭಾರತ ಸರಕಾರ ಜಾನುವಾರುಗಳಿಗೆ ಅದರ ಬಳಕೆ ನಿಷೇಧಿಸಿತು.

ಕೊನೆಯದು ಮನೆಯವರ ಆರೋಗ್ಯ. ನಾಯಿಯ ಮೂತ್ರಪಿಂಡ ಕೆಡಿಸುವ ರೋಗಗಳಲ್ಲಿ ಇಲಿ ಜ್ವರವೂ ಒಂದು. ಅದು ಮೂತ್ರದ ಮೂಲಕ, ಗಾಯವಿರುವ ಚರ್ಮದಿಂದ ಮನುಷ್ಯರಿಗೂ ಹತ್ತುತ್ತದೆ. ನಾಯಿಗೆ ಲಸಿಕೆ ಹಾಕಿಸಿ, ಹೊಲಸು ಬಳಿಯುವಾಗ ಕೈಗವಸು ಹಾಕಿಕೊಳ್ಳಿ, ಆ ಕೆಲಸ ಮಕ್ಕಳಿಗೆ ಹೇಳಬೇಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಕಂಡು ವೈದ್ಯರಲ್ಲಿಗೆ ಬಂದರೆ, ಮನೆಯಲ್ಲಿ ನಾಯಿಗೂ ಹುಷಾರಿಲ್ಲ ಎಂಬುದನ್ನು ಏಳುವಾಗಲ್ಲ, ಕೂತ ಕೂಡಲೇ ಹೇಳಿ.