ರಾತ್ರಿಯ ಕಾವಲು ಯಾರ ಹೊಣೆ?

ಕಂಪ್ಲಿಯ ಭತ್ತದ ಗದ್ದೆಯಾಗಲಿ, ಕಮಲಾಪುರದ ಕಬ್ಬು-ಬಾಳೆಯ ತೋಟವಾಗಲಿ, ಸಂಡೂರಿನ ಮೆಕ್ಕೆಜೋಳದ ಹೊಲವಾಗಲಿ, ಬೆಳೆ ಕೈಗೆ ಬರುವ ಹೊತ್ತಿಗೆ ರೈತನ ಮನೆಯಲ್ಲಿ ಒಬ್ಬರ ನಿದ್ದೆ ಹೋಯಿತೆಂದೇ ಲೆಕ್ಕ. ಅಟ್ಟಣಿಗೆಯ ಮೇಲೆ ಕಂಬಳಿ ಹೊದ್ದು, ಬ್ಯಾಟರಿ ಬಿಡುತ್ತ, ಡಬ್ಬಿ ಬಡಿಯುತ್ತ ಬೆಳಗು ಮಾಡಬೇಕು. ಒಂದು ಗಳಿಗೆ ಕಣ್ಣು ಮುಚ್ಚಿದರೆ ಕಾಡುಹಂದಿಯ ಹಿಂಡು ನುಗ್ಗಿ, ತಿಂದುದಕ್ಕಿಂತ ಹೆಚ್ಚನ್ನು ತುಳಿದು, ಬೇರುಸಹಿತ ಉತ್ತು ಹೋಗಿರುತ್ತದೆ. ಡಬ್ಬಿಯ ಸದ್ದಿಗೆ ಹಂದಿ ಹೆದರದಾದಾಗ ರಾತ್ರಿಯ ಬೇಟೆ ಆರಂಭವಾಗುತ್ತದೆ.

ಸಾಲ ಮಾಡಿ ಬೆಳೆದ ಬೆಳೆಯನ್ನು ಕಣ್ಣೆದುರೇ ಕಳೆದುಕೊಂಡವನಿಗೆ ಪ್ರಾಣಿದಯೆಯ ಉಪದೇಶ ಮಾಡಲು ನಾವು ಹೊರಟಿಲ್ಲ. ಆದರೆ ಒಂದು ಮಾತನ್ನು ನಮ್ಮ ರೈತಬಾಂಧವರಿಗೂ ಹೇಳಲೇಬೇಕು. ಬೇಲಿಗೆ ಕಂಬದ ವಿದ್ಯುತ್ತನ್ನು ನೇರವಾಗಿ ಹರಿಸುವುದು, ಹಣ್ಣಿನಲ್ಲಿ ಸಿಡಿಮದ್ದು ಹುದುಗಿಸಿ ಇಡುವುದು ಬೇಟೆಯಲ್ಲ. ಕತ್ತಲೆಯಲ್ಲಿ ಆ ತಂತಿಗೆ ಹಂದಿ ಯಾವುದು, ನೀರು ಕಟ್ಟಲು ಬಂದ ಪಕ್ಕದ ಹೊಲದ ಆಳು ಯಾವುದು ಎಂಬ ಭೇದ ತಿಳಿಯದು. ಮೇಯುವ ಎಮ್ಮೆ ಆ ಹಣ್ಣನ್ನು ಕಚ್ಚಬಹುದು. 1994ರಲ್ಲಿ ಕರಡಿಗಳಿಗೆಂದೇ ಘೋಷಿಸಿದ ದರೋಜಿ ಧಾಮದ ಕರಡಿಯೂ ಕಚ್ಚಬಹುದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯೊಂದು ಸತ್ತದ್ದು ಹಂದಿಗಾಗಿ ಇಡುವಂಥ ಸಿಡಿಮದ್ದಿನಿಂದಲೇ.

ಹಂದಿಯ ಕಾಟ ಇಷ್ಟಾದದ್ದು ಹೇಗೆ? ಹಂದಿಗೆ ಬೇಕಾದವು ಮೂರು: ನೀರು, ಮೇವು, ಹಗಲು ಅಡಗಲು ಪೊದೆ. ರಾಯರ ಕಾಲದ ಕಾಲುವೆಗಳೂ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೂ ನೀರು ತಂದವು. ಕಬ್ಬು ಮೇವೂ ಆಯಿತು, ಅಡಗುದಾಣವೂ ಆಯಿತು. ಬೀಳುಭೂಮಿಯಲ್ಲೂ ಕಾಲುವೆಯ ದಂಡೆಯಲ್ಲೂ ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿದೆ. ಸಂಡೂರಿನ ಗುಡ್ಡಗಳನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೆ ಅದಿರಿಗಾಗಿ ಲಂಗುಲಗಾಮಿಲ್ಲದೆ ಅಗೆದರು. ಹಂದಿಯನ್ನು ತಿನ್ನುವ ಚಿರತೆಗೆ ನೆಲೆ ಕಡಮೆಯಾಯಿತು. ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಹಂದಿಯಾದರೋ ಎಲ್ಲಿಯೂ ಬದುಕಬಲ್ಲದು. ಇದರಲ್ಲಿ ಸಣ್ಣ ಹಿಡುವಳಿದಾರನ ತಪ್ಪೇನು? ಲಾಭ ಉಂಡವರು ಬೇರೆ, ಕಾವಲು ಕೂತವರು ಬೇರೆ.

ಕಾನೂನು ಕೈಕಟ್ಟಿದೆ ಎಂದು ಅಧಿಕಾರಿವರ್ಗ ಹೇಳುವುದನ್ನು ನಾವು ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೆಯ ಕಲಮು, ನಿಂತ ಬೆಳೆಗೆ ಅಪಾಯವಾದ ಹಂದಿಯಂಥ ಪ್ರಾಣಿಯನ್ನು ಕೊಲ್ಲಲು ಕಾರಣಸಹಿತ ಲಿಖಿತ ಅನುಮತಿ ಕೊಡುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿದೆ. ಕೇರಳ ಸರಕಾರ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿಯೇ ಮೊದಲಾದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ವಿಷ, ಸಿಡಿಮದ್ದು, ವಿದ್ಯುತ್ತುಗಳನ್ನು ನಿಷೇಧಿಸಿತು. ನಮ್ಮಲ್ಲಿ ಏಕೆ ಆಗಬಾರದು?

ಹಂದಿಯನ್ನು ಪೀಡಕಪ್ರಾಣಿಯೆಂದು ಸಾರಿಬಿಡಿ, ಯಾರು ಬೇಕಾದರೂ ಕೊಲ್ಲಲಿ ಎಂಬ ಕೂಗೂ ಇದೆ. ಬಿಹಾರದಲ್ಲಿ 2015ರಲ್ಲಿ, ಉತ್ತರಾಖಂಡದಲ್ಲಿ 2016ರಲ್ಲಿ ಕೆಲವು ಜಿಲ್ಲೆಗಳಿಗೆ ಒಂದು ವರ್ಷದ ಮಟ್ಟಿಗೆ ಹಾಗೆ ಸಾರಿದ್ದುಂಟು. ಇದು ನಮಗೆ ಒಪ್ಪಿಗೆಯಿಲ್ಲ. ಬಾಗಿಲು ಪೂರಾ ತೆರೆದರೆ ಮೊದಲು ಒಳಬರುವವನು ರೈತನಲ್ಲ, ಜೀಪಿನಲ್ಲಿ ಬರುವ ಬಾಡಿನ ವ್ಯಾಪಾರಿ. ಅವನು ಬೆಳೆ ಕಾಯಲು ಬರುವವನಲ್ಲ. ಹಂದಿ ಸಿಗದಿದ್ದರೆ ಜಿಂಕೆಯಾದೀತು, ಮೊಲವಾದೀತು. ಸಿಕ್ಕಿಬಿದ್ದಾಗ ಮೂರು ವರ್ಷದವರೆಗಿನ ಶಿಕ್ಷೆಯ ಭಯ ಮಾತ್ರ ಅವನ ಹಿಂದೆ ದೀಪ ಹಿಡಿದು ನಡೆದ ಕೂಲಿಯ ಪಾಲಿಗೆ!

ಇನ್ನು ಪರಿಹಾರದ ಮಾತು. ಅರ್ಜಿಗೆ ಪಹಣಿ ಬೇಕು. 1974ರಲ್ಲಿಯೇ ಗೇಣಿ ರದ್ದಾಯಿತೆಂದು ಕಾಗದ ಹೇಳುತ್ತದೆ. ಆದರೆ ಲಾವಣಿ, ಕೋರು ಎಂಬ ಹೆಸರಿನಲ್ಲಿ ಬಾಯಿಮಾತಿನ ಗೇಣಿ ಊರೂರಿನಲ್ಲಿ ನಡೆದೇ ಇದೆ. ಪಹಣಿ ಒಬ್ಬರದು, ಬೆವರು ಇನ್ನೊಬ್ಬರದು. ಹಂದಿ ಮೇದದ್ದು ಉಳುವವನ ಬೆಳೆಯನ್ನು. ಹಣ ಬಂದರೆ ಹೋಗುವುದು ಪಟ್ಟಣದಲ್ಲಿ ಕುಳಿತ ಭೂಮಾಲಿಕನ ಖಾತೆಗೆ. ನಿದ್ದೆಗೆಟ್ಟವನಿಗೆ ಗುತ್ತಿಗೆಯ ಹಣ ಕಟ್ಟುವ ಗಡುವು ಮಾತ್ರ ತಪ್ಪುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಪಂಪುಸೆಟ್ಟಿನ ಮೂರು ಫೇಸ್ ವಿದ್ಯುತ್ತನ್ನು ಹಗಲು ಹೊತ್ತಿನಲ್ಲೇ ಕೊಡಬೇಕು. ನೀರು ಕಟ್ಟಲೆಂದು ರೈತ ಹಂದಿಯ ದಾರಿಗೆ ಅಡ್ಡ ಹೋಗುವುದು ತಪ್ಪಲಿ. ಜೀವ ತೆಗೆಯದೆ ಕ್ಷಣಮಾತ್ರ ಹೊಡೆತ ಕೊಡುವ ಸೌರಬೇಲಿಯನ್ನು, ಕೆಳಗಿನ ತಂತಿ ನೆಲಕ್ಕೆ ಗೇಣುದ್ದದಲ್ಲಿ ಬರುವಂತೆ, ಇಡೀ ಬಯಲಿಗೆ ಸೇರಿಸಿ ಸರಕಾರದ ವೆಚ್ಚದಲ್ಲಿ ಹಾಕಬೇಕು. ಒಬ್ಬನ ಹೊಲಕ್ಕೆ ಮಾತ್ರ ಬೇಲಿಯಾದರೆ ಹಂದಿ ಪಕ್ಕದ ಬಡವನ ಹೊಲಕ್ಕೆ ಹೋಗುತ್ತದೆ. ಕಾಲುವೆ ದಂಡೆಯ ಜಾಲಿಯನ್ನು ಕೂಲಿ ಕೊಟ್ಟು ಕಡಿಸಬೇಕು. ಕೊಲ್ಲಲೇಬೇಕಾದಲ್ಲಿ ಗ್ರಾಮಸಭೆಯ ಒಪ್ಪಿಗೆಯಿಂದ, ಇಲಾಖೆಯ ತರಬೇತಾದ ಬಂದೂಕುಗಾರರು ಬಂದು ಆ ಕೆಲಸ ಮಾಡಲಿ. ಪರಿಹಾರ ಉಳುವವನ ಕೈಗೆ ಸೇರಲಿ. ಗ್ರಾಮ ಪಂಚಾಯಿತಿಯ ಪಂಚನಾಮೆಯೇ ಅದಕ್ಕೆ ಸಾಕ್ಷಿಯಾಗಲಿ. 2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ-ಹಂಪಿ ವಿಜಯನಗರಕ್ಕೆ ಸೇರಿದವು, ಸಂಡೂರು-ಕಂಪ್ಲಿ ಬಳ್ಳಾರಿಯಲ್ಲಿ ಉಳಿದವು. ಈ ಗಡಿ ಹಂದಿಗೆ ತಿಳಿಯದು. ಇಬ್ಬರು ಜಿಲ್ಲಾಧಿಕಾರಿಗಳೂ ಒಟ್ಟಿಗೆ ಕೂಡಬೇಕು.

ವಿಜಯನಗರದ ಅರಸರ ಲಾಂಛನ ವರಾಹ. ಅವರ ಚಿನ್ನದ ನಾಣ್ಯವೂ ವರಾಹ. ಹಂಪಿ ಉತ್ಸವದ ರಾತ್ರಿಗಳಲ್ಲಿ ಆ ವೈಭವಕ್ಕೆ ಸರಕಾರ ಸಾವಿರ ದೀಪ ಹಚ್ಚುತ್ತದೆ. ಅದೇ ಬಯಲಿನ ಅಟ್ಟಣಿಗೆಯ ಮೇಲೆ ಒಂದು ಬ್ಯಾಟರಿಯ ಬೆಳಕಿನಲ್ಲಿ ಕುಳಿತವನಿಗೆ ಚಿನ್ನದ ವರಾಹ ಅಂದೂ ಸಿಗಲಿಲ್ಲ, ಇಂದೂ ಸಿಗುವುದಿಲ್ಲ; ಅವನ ಪಾಲಿಗೆ ಬರುವುದು ಕೋರೆಹಲ್ಲಿನ ವರಾಹವೊಂದೇ. ನಾಡಿಗೆ ಅನ್ನ ಹಾಕುವ ಬೆಳೆಯ ಕಾವಲು ನಾಡಿನ ಹೊಣೆಯಲ್ಲವೆ? ಉತ್ತರ ಹೇಳಬೇಕಾದವರು ವಿಧಾನಸೌಧದಲ್ಲಿದ್ದಾರೆ. ಅದನ್ನು ಕೇಳಿ ಪಡೆಯಬೇಕಾದವರು ನಾವು, ಒಬ್ಬೊಬ್ಬರಾಗಿ ಅಟ್ಟಣಿಗೆಯ ಮೇಲೆ ಕುಳಿತಲ್ಲ, ಒಟ್ಟಾಗಿ ತಾಲ್ಲೂಕು ಕಚೇರಿಯ ಮುಂದೆ ನಿಂತು.