ಮಂಗಳಕ್ಕೂ ಬಂದ ಗಣಿ ಕಂಪನಿ

ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯು 2016ರಲ್ಲಿ ‘ಮಾರ್ಸ್’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿತು. 2033ರಲ್ಲಿ ಮಾನವರು ಮಂಗಳಗ್ರಹಕ್ಕೆ ತೆರಳಿ ನೆಲೆಯೂರುವುದು ಅದರ ಕಥೆ. ಮೊದಲು ಹೋದವರು ಸಂಶೋಧಕರು. 2018ರ ಎರಡನೆಯ ಭಾಗದಲ್ಲಿ ಅವರ ಬೆನ್ನಿಗೇ ಬಂದಿಳಿಯುವುದು ಲೂಕ್ರಮ್ ಎಂಬ ಗಣಿ ಕಂಪನಿ! ವಿಜ್ಞಾನ ಮೊದಲೋ ಲಾಭ ಮೊದಲೋ ಎಂಬ ಜಗಳ ಅಲ್ಲಿಯೂ ಆರಂಭ. ನಡುನಡುವೆ ಆರ್ಕ್‌ಟಿಕ್ ಪ್ರದೇಶದ ತೈಲ ಕೊರೆತದ ನೈಜ ದೃಶ್ಯಗಳೂ ಇವೆ. ಗ್ರಹ ಬದಲಾದರೂ ದುರಾಸೆ ಬದಲಾಗದು ಎಂದು ಧಾರಾವಾಹಿಯೇ ಒಪ್ಪಿಕೊಂಡಂತಾಯಿತು. ಆ ಪ್ರಾಮಾಣಿಕತೆಯನ್ನು ಮೆಚ್ಚೋಣ.

ನಮ್ಮ ತಕರಾರು ಅದರ ಮೂಲ ನಂಬಿಕೆಯೊಡನೆ. ಮನುಕುಲ ಉಳಿಯಲು ಇನ್ನೊಂದು ಗ್ರಹ ಬೇಕೆಂದು ಸಾರುವ ಎಲಾನ್ ಮಸ್ಕ್ ಅವರೂ ಇದರಲ್ಲಿ ಮಾತನಾಡಿದ್ದಾರೆ. ಆದರೆ ಮಂಗಳದ ಗಾಳಿಯಲ್ಲಿ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್. ಅದರ ಒತ್ತಡ ಭೂಮಿಯಲ್ಲಿರುವುದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ಒಂದೊಂದು ಉಸಿರಿಗೂ, ಒಂದೊಂದು ಗುಟುಕು ನೀರಿಗೂ ಯಂತ್ರ ಬೇಕು. ಇಲ್ಲಿ ಅವನ್ನು ಕಾಡು, ಒರತೆಗಳು ಬೆಲೆ ಕೇಳದೆ ಕೊಡುತ್ತಿವೆ. ಎಷ್ಟೇ ಕೆಟ್ಟ ಭೂಮಿಯೂ ಮಂಗಳಕ್ಕಿಂತ ವಾಸಯೋಗ್ಯ.

ಬೇರೊಂದು ಮನೆಯಿದೆ ಎಂದು ನಂಬಿದವನು ಇರುವ ಮನೆಯ ಸೋರುವ ಮಾಡನ್ನು ದುರಸ್ತಿ ಮಾಡಿಸಲಾರ. ಅಪಾಯವಿರುವುದು ಅಲ್ಲಿಯೇ. ಆ ನೌಕೆಯಲ್ಲಿ ಗುಡ್ಡದ ಬುಡದ ರೈತನಿಗೆ ಜಾಗವಿದೆಯೇ? ಆತನ ದನಕರುಗಳಿಗೆ, ಜೇನಿಗೆ, ಮಳೆಗೆ?

ವಿದ್ಯಾರ್ಥಿ ಮಿತ್ರರೇ, ಆಕಾಶವನ್ನು ಅಭ್ಯಸಿಸಿರಿ, ಬೆರಗಾಗಿರಿ. ಆದರೆ ಭೂಮಿಯನ್ನು ಕೈಬಿಡುವ ಕನಸನ್ನು ವಿಜ್ಞಾನವೆಂದು ಒಪ್ಪದಿರಿ. ನಾವು ನೆಲೆಯೂರಲು ಕಲಿಯಬೇಕಾದ ಗ್ರಹ ಇದೇ.